ದೆಹಲಿಯ ಹೊಗೆಗೂ ಹಸಿ ಕಸಕ್ಕೂ ಒಂದೇ ಮದ್ದು? ಬೇಕೆಂದಾಗ ಬಯೋಗ್ಯಾಸ್ ಉತ್ಪಾದನೆ ಸಾಧ್ಯವೇ? ಇಲ್ಲಿದೆ ವಿವರ

ನವದೆಹಲಿ: ದೆಹಲಿ-ಎನ್‌ಸಿಆರ್ ಜನರಿಗೆ ವರ್ಷವಿಡೀ ಒಂದು ಕಸದ ಕಾಟ, ಅಕ್ಟೋಬರ್-ನವೆಂಬರ್ ಬಂದರೆ ಇನ್ನೊಂದರ ಕಾಟ. ಮೊದಲನೆಯದು ರಾಜಧಾನಿಯಲ್ಲಿ ದಿನವೂ ಹುಟ್ಟುವ ಸುಮಾರು 11,000 ಟನ್ ತ್ಯಾಜ್ಯ. ಎರಡನೆಯದು ಪಂಜಾಬ್, ಹರಿಯಾಣದ ಗದ್ದೆಗಳಲ್ಲಿ ಸುಡುವ ಭತ್ತದ ಕೂಳೆಯ ಹೊಗೆ. 2022ರಲ್ಲಿ ಭಲಸ್ವಾ, 2024ರಲ್ಲಿ ಘಾಜಿಪುರದ ಕಸದ ಗುಡ್ಡಗಳು ಹೊತ್ತಿ ಉರಿದಿದ್ದವು. ಕೊಳೆಯುವ ಹಸಿ ಕಸದಿಂದ ಹೊಮ್ಮುವ ಮೀಥೇನ್ ಅನಿಲ ಇಂಥ ಬೆಂಕಿಗೆ ತುಪ್ಪ ಸುರಿಯುತ್ತದೆ.

ಇದೇ ಮೀಥೇನ್ ಅನ್ನು ತೊಟ್ಟಿಯಲ್ಲಿ ಹಿಡಿದರೆ ಅದು ಇಂಧನ. ಎರಡೂ ಬಗೆಯ ಕಸವನ್ನು ಒಟ್ಟಿಗೆ ಬಳಸಿ, ಬೇಕಾದ ಹೊತ್ತಿಗೆ ಬೇಕಾದಷ್ಟು ಗ್ಯಾಸ್ ಪಡೆಯುವುದು ಹೇಗೆ ಎಂಬುದೇ ಈಗಿನ ಪ್ರಶ್ನೆ.

ಬಯೋಗ್ಯಾಸ್ ಹೇಗೆ ಹುಟ್ಟುತ್ತದೆ?

ಗಾಳಿಯಾಡದ ತೊಟ್ಟಿಯಲ್ಲಿ (ಡೈಜೆಸ್ಟರ್) ಸೂಕ್ಷ್ಮಜೀವಿಗಳು ಕಸವನ್ನು ಹಂತಹಂತವಾಗಿ ಒಡೆಯುತ್ತವೆ. ಮೊದಲು ಅದು ಆಮ್ಲವಾಗುತ್ತದೆ, ನಂತರ ಅನಿಲವಾಗುತ್ತದೆ. ಈ ಅನಿಲದಲ್ಲಿ ಶೇ. 50ರಿಂದ 65ರಷ್ಟು ಮೀಥೇನ್ ಇದ್ದು, ಉಳಿದಿದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ಶುದ್ಧೀಕರಿಸಿ ಮೀಥೇನ್ ಪ್ರಮಾಣವನ್ನು ಶೇ. 90ಕ್ಕಿಂತ ಹೆಚ್ಚಿಸಿ ಒತ್ತಡದಲ್ಲಿ ತುಂಬಿದರೆ ಅದೇ ಸಿಬಿಜಿ. ಸಿಎನ್‌ಜಿ ವಾಹನಗಳು ಇದರಲ್ಲೂ ಓಡುತ್ತವೆ.

ದೆಹಲಿಗೆ ಇದು ಹೊಸತಲ್ಲ. ಇಲ್ಲಿನ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 1930ರ ದಶಕದ ಕೊನೆಯಲ್ಲೇ ಸೆಗಣಿಯಿಂದ ಗ್ಯಾಸ್ ತೆಗೆಯುವ ಪ್ರಯೋಗಗಳು ನಡೆದಿದ್ದವು.

'ಬೇಕೆಂದಾಗ ಗ್ಯಾಸ್' ಎಂದರೇನು?

ಸಾಮಾನ್ಯ ಘಟಕದಲ್ಲಿ ಹಗಲು-ರಾತ್ರಿ ಒಂದೇ ಪ್ರಮಾಣದಲ್ಲಿ ಗ್ಯಾಸ್ ಬರುತ್ತದೆ. ಆದರೆ ಬೇಡಿಕೆ ಹಾಗಿಲ್ಲ. ಸೌರ ವಿದ್ಯುತ್ ನಿಂತ ಬಳಿಕ, ಅಂದರೆ ಸಂಜೆಯ ಹೊತ್ತು ವಿದ್ಯುತ್‌ಗೆ ಬೇಡಿಕೆ ಏರುತ್ತದೆ. ಆ ಹೊತ್ತಿಗೆ ಹೆಚ್ಚು ಗ್ಯಾಸ್ ಸಿಗುವಂತೆ ಮಾಡಲು ಎರಡು ದಾರಿಗಳಿವೆ. ಒಂದು, ಗ್ಯಾಸ್ ಸಂಗ್ರಹಿಸಿಟ್ಟುಕೊಳ್ಳುವುದು. ಇನ್ನೊಂದು, ತೊಟ್ಟಿಗೆ ಯಾವಾಗ, ಏನು ಹಾಕಬೇಕು ಎಂಬುದನ್ನೇ ಬದಲಿಸುವುದು. ಬೇಡಿಕೆ ನೋಡಿ ವಿದ್ಯುತ್ ಉತ್ಪಾದಿಸುವ ಬಯೋಗ್ಯಾಸ್ ಘಟಕಗಳಿಗೆ ಜರ್ಮನಿ 2012ರಿಂದಲೇ ಹೆಚ್ಚುವರಿ ಹಣ ಕೊಡುತ್ತಿದೆ.

ಅನ್ನ ಬೇಗ, ಹುಲ್ಲು ನಿಧಾನ

ಅನ್ನ, ಹಣ್ಣು, ತರಕಾರಿ ಬೇಗ ಕರಗುತ್ತವೆ. ಇವನ್ನು ಹಾಕಿದ ಕೆಲವೇ ಗಂಟೆಗಳಲ್ಲಿ ಗ್ಯಾಸ್ ಏರತೊಡಗುತ್ತದೆ. ಭತ್ತದ ಹುಲ್ಲಿನಲ್ಲಿ ಲಿಗ್ನಿನ್ ಮತ್ತು ಸಿಲಿಕಾ ಇರುವುದರಿಂದ ಅದು ಕರಗಲು ವಾರಗಳೇ ಬೇಕು. ಹೀಗಾಗಿ ಹುಲ್ಲು ಮತ್ತು ಸೆಗಣಿಯಿಂದ ದಿನನಿತ್ಯದ ಉತ್ಪಾದನೆ ನಡೆಸಿ, ಬೇಡಿಕೆ ಹೆಚ್ಚುವ ಮುನ್ನ ಹೋಟೆಲ್, ಮಂಡಿಗಳ ಹಸಿ ಕಸ ಹಾಕುವುದು ಜಾಣತನ.

ಆದರೆ ಅತಿಯಾದರೆ ತೊಟ್ಟಿಗೂ ಅಜೀರ್ಣ! ಒಮ್ಮೆಲೇ ಹೆಚ್ಚು ಆಹಾರ ತ್ಯಾಜ್ಯ ಸುರಿದರೆ ಆಮ್ಲ ಹೆಚ್ಚಾಗಿ, ಮೀಥೇನ್ ಉತ್ಪಾದಿಸುವ ಜೀವಿಗಳು ಸೊರಗುತ್ತವೆ. ಚೇತರಿಕೆಗೆ ವಾರಗಳೇ ಹಿಡಿಯಬಹುದು. ಇಲ್ಲೂ ಹುಲ್ಲು ನೆರವಾಗುತ್ತದೆ. ಆಹಾರ ತ್ಯಾಜ್ಯದಲ್ಲಿ ಸಾರಜನಕ ಹೆಚ್ಚು, ಹುಲ್ಲಿನಲ್ಲಿ ಇಂಗಾಲ ಹೆಚ್ಚು. ಎರಡನ್ನೂ ಬೆರೆಸಿದರೆ ಹದ ಸಿಗುತ್ತದೆ. ಸುಮಾರು 35-38 ಡಿಗ್ರಿ ಉಷ್ಣತೆಯೂ ಬೇಕು. ಹಾಗಾಗಿ ದೆಹಲಿಯ ಚಳಿಗಾಲದಲ್ಲಿ ತೊಟ್ಟಿಯನ್ನು ಬೆಚ್ಚಗಿಡುವ ವ್ಯವಸ್ಥೆ ಇಲ್ಲದಿದ್ದರೆ ಉತ್ಪಾದನೆ ಕುಸಿಯುತ್ತದೆ.

ಈವರೆಗೆ ಏನಾಗಿದೆ?

ಕೇಂದ್ರ ಸರ್ಕಾರ 2018ರ ಅಕ್ಟೋಬರ್‌ನಲ್ಲಿ 'ಸತತ್' ಯೋಜನೆ ಆರಂಭಿಸಿ 5,000 ಸಿಬಿಜಿ ಘಟಕಗಳ ಗುರಿ ಇಟ್ಟುಕೊಂಡಿತ್ತು. ಆ ಗುರಿ ಇನ್ನೂ ದೂರವೇ ಇದೆ. ಪಂಜಾಬ್‌ನ ಸಂಗ್ರೂರ್ ಜಿಲ್ಲೆಯ ಲೆಹ್ರಾಗಾಗದಲ್ಲಿ 2022ರಲ್ಲಿ ಉದ್ಘಾಟನೆಯಾದ ಘಟಕ ಭತ್ತದ ಹುಲ್ಲನ್ನೇ ಬಳಸುತ್ತದೆ. ಅದೇ ವರ್ಷ ಇಂದೋರ್‌ನಲ್ಲಿ ದಿನಕ್ಕೆ 550 ಟನ್ ಹಸಿ ಕಸ ಸಂಸ್ಕರಿಸುವ ಘಟಕ ಆರಂಭವಾಯಿತು. ದೆಹಲಿಯ ನಜಫ್‌ಗಢ ಬಳಿಯ ನಂಗ್ಲಿಯಲ್ಲಿ 2025ರಲ್ಲಿ ಸೆಗಣಿ ಆಧಾರಿತ ಘಟಕ ಉದ್ಘಾಟನೆಯಾಗಿದೆ. ಅಂದರೆ ಹುಲ್ಲು, ಹಸಿ ಕಸ, ಸೆಗಣಿ ಮೂರಕ್ಕೂ ಬೇರೆ ಬೇರೆ ಕಡೆ ಘಟಕಗಳಿವೆ. ಎಲ್ಲವನ್ನೂ ಹದವಾಗಿ ಬೆರೆಸುವುದು ಮುಂದಿನ ಹೆಜ್ಜೆ.

ಅಡ್ಡಿ ಎಲ್ಲಿದೆ?

ಭತ್ತದ ಕೊಯ್ಲಿಗೂ ಗೋಧಿ ಬಿತ್ತನೆಗೂ ನಡುವೆ ರೈತರಿಗೆ ಸಿಗುವುದು ಮೂರು ವಾರಗಳಷ್ಟೇ. ಅಷ್ಟರಲ್ಲೇ ಹುಲ್ಲನ್ನು ಪೆಂಡಿ ಕಟ್ಟಿ, ಸಾಗಿಸಿ, ವರ್ಷಪೂರ್ತಿ ಬೆಂಕಿ-ಮಳೆಯಿಂದ ಕಾಪಾಡಬೇಕು. ಈ ವೆಚ್ಚ ಭರಿಸುವವರಿಲ್ಲದಿದ್ದರೆ ರೈತರಿಗೆ ಬೆಂಕಿಕಡ್ಡಿಯೇ ಅಗ್ಗ. ಇನ್ನು ನಗರದ ಹಸಿ ಕಸದಲ್ಲಿ ಪ್ಲಾಸ್ಟಿಕ್, ಗಾಜು ಸೇರಿದರೆ ಯಂತ್ರಗಳು ಕಟ್ಟಿಕೊಳ್ಳುತ್ತವೆ. ಬೆಂಗಳೂರಿನಲ್ಲಿ ಪಾಲಿಕೆ ಕಟ್ಟಿಸಿದ ಸಣ್ಣ ಬಯೋಗ್ಯಾಸ್ ಘಟಕಗಳಲ್ಲಿ ಹಲವು ಕೆಲಸ ನಿಲ್ಲಿಸಿದ್ದನ್ನು ಕನ್ನಡಿಗರು ಕಂಡಿದ್ದಾರೆ.

ಕರ್ನಾಟಕದಲ್ಲೇ ಇದಕ್ಕೊಂದು ಹಳೆಯ ಪಾಠವೂ ಇದೆ. ಕುಣಿಗಲ್ ಬಳಿಯ ಪುರ ಗ್ರಾಮದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೆಗಣಿ ಗ್ಯಾಸನ್ನು ಮೊದಲು ಅಡುಗೆಗೆ ಕೊಡಲು ಹೊರಟಾಗ ಅದು ಸಾಲಲಿಲ್ಲ. 1987ರಲ್ಲಿ ಅದೇ ಗ್ಯಾಸನ್ನು ವಿದ್ಯುತ್ ಉತ್ಪಾದನೆಗೆ ಬಳಸಿದಾಗ ಮನೆಗಳಿಗೆ ದೀಪವೂ ಬಂತು, ನಲ್ಲಿ ನೀರೂ ಬಂತು. ಎಷ್ಟು ಕಚ್ಚಾವಸ್ತು ಸಿಗುತ್ತದೆ, ಯಾವ ಹೊತ್ತಿಗೆ ಗ್ಯಾಸ್ ಬೇಕು ಎಂದು ಮೊದಲೇ ಲೆಕ್ಕ ಹಾಕಿದರೆ ಮಾತ್ರ ಘಟಕ ಉಳಿಯುತ್ತದೆ. ದೆಹಲಿಯಲ್ಲಿ ಆ ಲೆಕ್ಕ ಶುರುವಾಗಬೇಕಿರುವುದು ಗದ್ದೆಯಲ್ಲಿ ಕಟ್ಟುವ ಹುಲ್ಲಿನ ಪೆಂಡಿಯಿಂದ ಮತ್ತು ಮನೆಯಲ್ಲಿ ಬೇರೆ ಇಡುವ ಹಸಿ ಕಸದ ಬುಟ್ಟಿಯಿಂದ.