ಹಳೆಯ ಕಾರಿನ ಬ್ರೇಕ್ ಕೈಕೊಟ್ಟಾಗ

ಮಾಲೂರಿನಿಂದ ಕೋಲಾರದ ಕಡೆಗೋ ಹೊಸಕೋಟೆಯ ಕಡೆಗೋ ಹೊರಟರೆ, ಇಟ್ಟಿಗೆ ಹೆಂಚು ತುಂಬಿದ ಲಾರಿಗಳ ನಡುವೆ ಒಮ್ಮೊಮ್ಮೆ ಹಳೆಯ ಅಂಬಾಸಡರ್ ಕಾರೊಂದು ಗಂಭೀರವಾಗಿ ಸಾಗುವುದು ಕಾಣುತ್ತದೆ. 1950ರ ದಶಕದ ಕೊನೆಯಲ್ಲಿ ಆರಂಭವಾದ ಅದರ ತಯಾರಿಕೆ 2014ರಲ್ಲಿ ನಿಂತುಹೋಯಿತು. ಪ್ರೀಮಿಯರ್ ಪದ್ಮಿನಿಯ ತಯಾರಿಕೆ ಅದಕ್ಕೂ ಮೊದಲೇ ನಿಂತಿತ್ತು. ಆದರೂ ತಂದೆಯವರ ಕಾಲದ ಕಾರೆಂಬ ಅಭಿಮಾನದಿಂದ ಇವನ್ನು ಉಳಿಸಿಕೊಂಡು, ಮದುವೆ ಮುಂಜಿಗಳಿಗೆ ಹೂವಿನಿಂದ ಸಿಂಗರಿಸಿ ಹೊರತರುವ ಮನೆಗಳು ನಮ್ಮಲ್ಲಿ ಇನ್ನೂ ಉಂಟು. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ನಿಂತಿರುವ ಹಳೆಯ ಕಾರುಗಳಿಗೆ ಬ್ರೇಕಿನ ಚಿಂತೆಯಿಲ್ಲ. ಐದಾರು ಜನರನ್ನು ಹೊತ್ತು ರಸ್ತೆಗಿಳಿಯುವ ಕಾರಿಗೆ ಅದೇ ಮೊದಲ ಚಿಂತೆಯಾಗಬೇಕು.

"ಇದ್ದಕ್ಕಿದ್ದಂತೆ ಬ್ರೇಕ್ ಹೋಯಿತು" ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಅದರ ಬೆನ್ನಿಗೇ ಇನ್ನೊಂದು ಮಾತೂ ಬರುವುದುಂಟು: "ಸ್ವಲ್ಪ ಹೊತ್ತು ನಿಲ್ಲಿಸಿದೆವು, ತಾನಾಗಿಯೇ ಸರಿಹೋಯಿತು." ಮೊದಲನೆಯ ಮಾತು ಬಹುಮಟ್ಟಿಗೆ ತಪ್ಪು. ಎರಡನೆಯ ಮಾತು ಅಪಾಯಕರ. ಇವೆರಡನ್ನೂ ವಿಚಾರ ಮಾಡಿ ನೋಡೋಣ.

ಮೊದಲು ಬ್ರೇಕು ಕೆಲಸ ಮಾಡುವ ಬಗೆಯನ್ನು ತಿಳಿಯಬೇಕು. ಸೂಜಿಯಿಲ್ಲದ ಎರಡು ಸಿರಿಂಜುಗಳಲ್ಲಿ ನೀರು ತುಂಬಿ, ನಡುವೆ ಒಂದು ಸಣ್ಣ ಕೊಳವೆ ಜೋಡಿಸಿ, ಒಂದನ್ನು ಒತ್ತಿದರೆ ಇನ್ನೊಂದು ತಾನಾಗಿ ಹೊರಕ್ಕೆ ಸರಿಯುತ್ತದೆ. ಮುಚ್ಚಿದ ದ್ರವದ ಮೇಲೆ ಒಂದೆಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಯೆಂಬ ಈ ನಿಯಮವನ್ನು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪ್ಯಾಸ್ಕಲ್ ಎಂಬ ವಿದ್ವಾಂಸನು ನಿರೂಪಿಸಿದನು. ಕಾರಿನಲ್ಲಿ ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ಬ್ರೇಕ್ ಆಯಿಲ್ ಕೊಳವೆಗಳ ಮೂಲಕ ನಾಲ್ಕು ಚಕ್ರಗಳಿಗೂ ಒತ್ತಡವನ್ನು ಒಯ್ಯುತ್ತದೆ. ಅಲ್ಲಿನ ವೀಲ್ ಸಿಲಿಂಡರುಗಳು ಬ್ರೇಕ್ ಶೂಗಳನ್ನು ಅಗಲಿಸಿ, ತಿರುಗುವ ಡ್ರಮ್ಮಿನ ಒಳಮೈಗೆ ಅದುಮುತ್ತವೆ. ಕಾರು ನಿಲ್ಲುತ್ತದೆ.

ಇದರಲ್ಲಿ ಎರಡು ಸಂಗತಿಗಳು ಮುಖ್ಯ. ದ್ರವವು ಅದುಮಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಆದಕಾರಣ ಕೊಳವೆಯೊಳಗೆ ಗಾಳಿಯಾಗಲಿ ಆವಿಯಾಗಲಿ ಸೇರಿದರೆ ನಮ್ಮ ಕಾಲಿನ ಬಲವೆಲ್ಲ ಅದನ್ನು ಕುಗ್ಗಿಸುವುದರಲ್ಲೇ ವ್ಯಯವಾಗುತ್ತದೆ. ಎರಡನೆಯದಾಗಿ, ಈಚಿನ ಕಾರುಗಳಲ್ಲಿ ಬ್ರೇಕಿನ ಕೊಳವೆಗಳು ಎರಡು ಪ್ರತ್ಯೇಕ ಭಾಗಗಳಾಗಿರುತ್ತವೆ. ಒಂದು ಕೆಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ಹಳೆಯ ಮಾದರಿಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಸಾಲು. ಎಲ್ಲಿ ತೂತಾದರೂ ನಾಲ್ಕೂ ಚಕ್ರಗಳ ಬ್ರೇಕು ಒಟ್ಟಿಗೇ ಹೋಗುತ್ತದೆ.

ಹಳಗನ್ನಡ ಪದ್ಯಕ್ಕೆ ಅನ್ವಯ ಮಾಡುವಾಗ ನಾವು ಮೊದಲು ಕ್ರಿಯಾಪದವನ್ನು ಹುಡುಕಿ, ಅಲ್ಲಿಂದ ಉಳಿದ ಪದಗಳ ಸಂಬಂಧವನ್ನು ಕಂಡುಕೊಳ್ಳುತ್ತೇವೆ. ಬ್ರೇಕಿನ ವಿಚಾರದಲ್ಲಿ ಆ ಸ್ಥಾನ ಪೆಡಲಿನದು. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲನ್ನೋ ಮರದ ದಿಮ್ಮಿಯನ್ನೋ ತಡೆಯಾಗಿ ಕೊಟ್ಟು, ಪೆಡಲನ್ನು ತುಳಿದು ನೋಡಿ. ಅದು ಐದು ಬಗೆಯಲ್ಲಿ ಉತ್ತರ ಕೊಡುತ್ತದೆ.

ಮೊದಲನೆಯದು: ಪೆಡಲು ತಡೆಯಿಲ್ಲದೆ ತಳಕ್ಕೆ ಹೋಗುತ್ತದೆ, ಆಯಿಲ್ ಡಬ್ಬಿಯೂ ಬರಿದಾಗಿದೆ. ಆಯಿಲ್ ಹೊರಗೆ ಸೋರಿದೆಯೆಂದು ಅರ್ಥ. ಚಕ್ರಗಳ ಒಳಬದಿ, ಟೈರಿನ ಒಳಗೋಡೆ, ರಬ್ಬರಿನ ಹೋಸ್ ಪೈಪುಗಳು, ಲೋಹದ ಕೊಳವೆ ತುಕ್ಕು ಹಿಡಿದ ಜಾಗ, ಚಾಲಕನ ಕಾಲಡಿ, ಇಷ್ಟು ಕಡೆ ತೇವವಿದೆಯೇ ನೋಡಿ. ಡಬ್ಬಿ ತುಂಬಿಸಿ ಹೊರಟುಬಿಡುವುದು ತೂತಾದ ಕೊಡಕ್ಕೆ ನೀರು ಹೊಯ್ದಂತೆ.

ಎರಡನೆಯದು: ಡಬ್ಬಿ ತುಂಬಿಯೇ ಇದೆ, ಎಲ್ಲಿಯೂ ತೇವವಿಲ್ಲ, ಆದರೆ ಕಾಲನ್ನು ಮೆಲ್ಲಗೆ ಒತ್ತಿ ಅರ್ಧ ನಿಮಿಷ ಹಿಡಿದರೆ ಪೆಡಲು ನಿಧಾನವಾಗಿ ಕೆಳಗಿಳಿಯುತ್ತದೆ. ಮಾಸ್ಟರ್ ಸಿಲಿಂಡರಿನ ಒಳಗಿರುವ ರಬ್ಬರ್ ವಾಷರು ಸವೆದು, ಆಯಿಲ್ ಅದರ ಪಕ್ಕದಿಂದಲೇ ಹಿಂದಕ್ಕೆ ನುಸುಳುತ್ತಿದೆ. ಈ ದೋಷ ಮೋಸಗಾರ. ಜೋರಾಗಿ ತುಳಿದರೆ ವಾಷರು ಅಗಲಿ ಬ್ರೇಕು ಹಿಡಿಯುತ್ತದೆ. ರೈಲ್ವೆ ಗೇಟಿನ ಮುಂದೆ ಮೆಲ್ಲಗೆ ಒತ್ತಿ ನಿಂತಾಗ ಜಾರುತ್ತದೆ. ಆದ್ದರಿಂದಲೇ ಒಮ್ಮೆ ಹೋಗಿ ಒಮ್ಮೆ ಬಂದಂತೆ ತೋರುತ್ತದೆ.

ಮೂರನೆಯದು: ಪೆಡಲು ಹತ್ತಿಯ ದಿಂಬಿನಂತೆ ಮೆತ್ತಗಿದೆ, ಹಲವು ಸಲ ತುಳಿದರೆ ಸ್ವಲ್ಪ ಗಟ್ಟಿಯಾಗುತ್ತದೆ. ಒಳಗೆ ಗಾಳಿ ಸೇರಿದೆ. ಗಾಳಿ ಹೊರಡಿಸಬೇಕು, ಅದು ಹೇಗೆ ಸೇರಿತೆಂಬುದನ್ನೂ ಹುಡುಕಬೇಕು.

ನಾಲ್ಕನೆಯದು: ಮೊದಲ ತುಳಿತಕ್ಕೆ ಪೆಡಲು ಬಹಳ ಕೆಳಗೆ ಹೋಗಿ, ಎರಡನೆಯದಕ್ಕೆ ಮೇಲೆ ನಿಂತು ಗಟ್ಟಿಯಾಗುತ್ತದೆ. ಶೂಗಳು ಸವೆದಿವೆ, ಇಲ್ಲವೆ ಅವಕ್ಕೂ ಡ್ರಮ್ಮಿಗೂ ನಡುವಿನ ಅಂತರ ಹೆಚ್ಚಾಗಿದೆ. ಇದು ಎಲ್ಲಕ್ಕಿಂತ ಸುಲಭದ ದುರಸ್ತಿ.

ಐದನೆಯದು: ಪೆಡಲು ಗಟ್ಟಿಯಾಗಿಯೇ ಇದೆ, ಆದರೆ ಓಡುವಾಗ ಕಾರು ನಿಲ್ಲುವುದಿಲ್ಲ ಅಥವಾ ಒಂದು ಪಕ್ಕಕ್ಕೆ ಎಳೆಯುತ್ತದೆ. ಶೂಗಳಿಗೆ ಎಣ್ಣೆ ತಗುಲಿರಬಹುದು, ಅಥವಾ ಅತಿಯಾದ ಶಾಖದಿಂದ ಅವುಗಳ ಹಿಡಿತ ತಪ್ಪಿರಬಹುದು. ಎಣ್ಣೆ ಕುಡಿದ ಲೈನಿಂಗನ್ನು ಒರೆಸಿ ಮತ್ತೆ ಹಾಕಬಾರದು, ಬದಲಾಯಿಸಬೇಕು. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವಿರುವುದರಿಂದ ಡ್ರಮ್ಮಿನ ಧೂಳನ್ನು ಊದಬಾರದು.

ಇನ್ನು "ತಾನಾಗಿಯೇ ಸರಿಹೋಯಿತು" ಎಂಬ ಮಾತಿಗೆ ಬರೋಣ. 2007ರವರೆಗೆ ನಮ್ಮ ಕೋಲಾರ ಜಿಲ್ಲೆಗೇ ಸೇರಿದ್ದ ನಂದಿಬೆಟ್ಟವನ್ನು ತಾವು ನೋಡಿರಬಹುದು. ಅದರ ಎತ್ತರ ಸಮುದ್ರಮಟ್ಟದಿಂದ 1478 ಮೀಟರು. ಅದರ ತಿರುವುಗಳನ್ನು ಇಳಿಯುವಾಗ, ಪೆಟ್ರೋಲು ಉಳಿಯಲೆಂದು ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಉದ್ದಕ್ಕೂ ಬ್ರೇಕಿನ ಮೇಲೆ ಕಾಲಿಟ್ಟು ಬರುವವರುಂಟು. ಒಂದು ಟನ್ನಿಗೂ ಮಿಗಿಲಾದ ಕಾರಿನ ವೇಗವನ್ನು ಬ್ರೇಕು ತಡೆದಾಗ ಆ ಶಕ್ತಿಯೆಲ್ಲ ಶಾಖವಾಗಿ ಡ್ರಮ್ಮುಗಳಿಗೆ ಇಳಿಯುತ್ತದೆ. ವೇಗ ಇಮ್ಮಡಿಯಾದರೆ ಶಾಖ ನಾಲ್ಮಡಿ. ಆ ಶಾಖ ಆಯಿಲಿಗೂ ಮುಟ್ಟುತ್ತದೆ.

ಬ್ರೇಕ್ ಆಯಿಲಿಗೆ ಗಾಳಿಯ ತೇವವನ್ನು ಹೀರುವ ಸ್ವಭಾವವಿದೆ. ಡಾಟ್ 3 ಎಂಬ ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ನೂರಕ್ಕೆ ಮೂರೋ ನಾಲ್ಕೋ ಪಾಲು ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿನ ಆಯಿಲ್ ಇಳಿಜಾರಿನಲ್ಲಿ ಕುದಿಯುತ್ತದೆ, ಆವಿಯಾಗುತ್ತದೆ, ಪೆಡಲು ಬರಿದಾಗುತ್ತದೆ. ಅರ್ಧ ಗಂಟೆ ನಿಂತರೆ ಆವಿ ಮತ್ತೆ ದ್ರವವಾಗಿ ಪೆಡಲು ಗಟ್ಟಿಯಾಗುತ್ತದೆ. ಆದರೆ ರೋಗ ಒಳಗೇ ಇದೆ. ಮುಂದಿನ ಇಳಿಜಾರಿನಲ್ಲಿ ಮತ್ತೆ ಎದುರಾಗುತ್ತದೆ.

ಬೆಟ್ಟವಿಲ್ಲದ ಬಯಲಿನಲ್ಲೂ ಇದೇ ಗತಿ ಆಗಬಹುದು. ಹೋಸ್ ಪೈಪು ಒಳಗೆ ಉಬ್ಬಿ ಕಿರಿದಾದರೆ, ಅಥವಾ ಪೆಡಲಿಗೆ ಇರಬೇಕಾದ ಸ್ವಲ್ಪ ಸಡಿಲ ಇಲ್ಲದೆ ಹೋದರೆ, ತುಳಿದ ಆಯಿಲ್ ಹಿಂದಿರುಗುವುದಿಲ್ಲ. ಶೂಗಳು ಡ್ರಮ್ಮನ್ನು ಉಜ್ಜುತ್ತಲೇ ಇದ್ದು ಶಾಖ ಏರುತ್ತದೆ. ಪ್ರಯಾಣದ ನಂತರ ಒಂದು ಚಕ್ರದ ಬಳಿ ಮಾತ್ರ ಸುಟ್ಟ ವಾಸನೆ ಬಂದರೆ, ಸಮನೆಲದಲ್ಲಿ ಕಾರನ್ನು ತಳ್ಳುವುದು ಕಷ್ಟವಾದರೆ, ಅದು ಮುಂಬರುವ ಅಪಾಯದ ಸೂಚನೆ. ಬ್ರೇಕು ಇದ್ದಕ್ಕಿದ್ದಂತೆ ಹೋಗುವುದು ಅಪರೂಪ. ನಾವು ಅದರ ಸೂಚನೆಗೆ ಕಿವಿಗೊಡದಿರುವುದೇ ಹೆಚ್ಚು.

ಓಡುವಾಗಲೇ ಪೆಡಲು ತಳಕ್ಕೆ ಹೋದರೆ ಮಾಡುವುದೇನು? ಪೆಡಲನ್ನು ಬೇಗಬೇಗನೆ ಹಲವು ಸಲ ತುಳಿಯಿರಿ. ಒಂದೊಂದೇ ಗೇರು ಇಳಿಸಿ. ನ್ಯೂಟ್ರಲಿಗೆ ಎಂದಿಗೂ ತರಬೇಡಿ. ಹ್ಯಾಂಡ್ ಬ್ರೇಕನ್ನು ಒಮ್ಮೆಲೇ ಸೆಳೆಯದೆ ಸ್ವಲ್ಪ ಸ್ವಲ್ಪವಾಗಿ ಬಿಗಿಮಾಡಿ. ಅಂಬಾಸಡರಿನಲ್ಲಿ ಅದು ತಂತಿಯ ಮೂಲಕ ಹಿಂದಿನ ಚಕ್ರಗಳನ್ನು ಹಿಡಿಯುತ್ತದೆ, ಆಯಿಲಿನ ಹಂಗು ಅದಕ್ಕಿಲ್ಲ. ಹಾರನ್ ಮಾಡುತ್ತ ರಸ್ತೆಯ ಬದಿಗೆ ಸರಿಯಿರಿ. ನಿಂತ ಮೇಲೆ, ಪೆಡಲು ಮರಳಿ ಬಂದರೂ ಸರಿ, ಕಾರಣ ತಿಳಿಯುವವರೆಗೆ ಆ ಕಾರನ್ನು ಓಡಿಸಬೇಡಿ. ಮೆಕ್ಯಾನಿಕ್ಕನ್ನೇ ಅಲ್ಲಿಗೆ ಕರೆಸಿ.

ಮನೆಯವರೇ ಪರೀಕ್ಷಿಸುವಾಗ ಒಂದೆರಡು ಎಚ್ಚರಿಕೆಗಳು ಅಗತ್ಯ. ಇಟ್ಟಿಗೆ ನಮ್ಮೂರಿನದೇ ಆದರೂ ಕಾರನ್ನು ಅದರ ಮೇಲೆ ನಿಲ್ಲಿಸಿ ಕೆಳಗೆ ನುಸುಳಬಾರದು, ಭಾರಕ್ಕೆ ಅದು ಒಡೆಯುತ್ತದೆ. ಬ್ರೇಕಿನ ಡಬ್ಬಿಗೆ ಇಂಜಿನ್ ಆಯಿಲ್ ಹಾಕಬಾರದು, ರಬ್ಬರ್ ವಾಷರುಗಳು ಉಬ್ಬಿ ಕೆಡುತ್ತವೆ. ಎಂದೋ ಬಾಯಿ ತೆರೆದಿಟ್ಟ ಆಯಿಲ್ ಡಬ್ಬವನ್ನೂ ಬಳಸಬಾರದು. ಎರಡು ವರ್ಷಕ್ಕೊಮ್ಮೆ ಆಯಿಲನ್ನು ಪೂರ್ತಿ ಬದಲಾಯಿಸುವುದು, ಹೊರಡುವ ಮುನ್ನ ಅರ್ಧ ನಿಮಿಷ ಪೆಡಲನ್ನು ಒತ್ತಿ ಹಿಡಿದು ನೋಡುವುದು, ಇವೆರಡಕ್ಕೆ ಹೆಚ್ಚಿನ ಖರ್ಚೂ ಇಲ್ಲ, ಪಾಂಡಿತ್ಯವೂ ಬೇಡ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಫಲವಿಲ್ಲವೆಂದು ಹಿರಿಯರು ಹೇಳುತ್ತಿದ್ದರು. ಮುಂದಿನ ಮದುವೆಗೆ ಕಾರಿಗೆ ಹೂವು ಕಟ್ಟುವ ಮೊದಲು, ಒಬ್ಬರು ಒಳಗೆ ಕುಳಿತು ಪೆಡಲು ಒತ್ತಲಿ, ಇನ್ನೊಬ್ಬರು ಬಗ್ಗಿ ನಾಲ್ಕು ಚಕ್ರಗಳ ಒಳಬದಿ ನೋಡಲಿ.