ಅಳಿಸುವ ಮುನ್ನ

ಕಡತವೆಂಬ ಮಾತು ನಮ್ಮ ಭಾಷೆಗೆ ಹೊಸದಲ್ಲ. ಕಚೇರಿಯ ದಾರ ಕಟ್ಟಿದ ಕಾಗದದ ಹೊರೆಗೆ ಆ ಹೆಸರು ಬರುವುದಕ್ಕೆ ಬಹಳ ಮೊದಲೇ ಕನ್ನಡನಾಡಿನ ವರ್ತಕರ ಅಂಗಡಿಗಳಲ್ಲಿಯೂ ಮಠಗಳ ಲೆಕ್ಕದ ಪೆಟ್ಟಿಗೆಗಳಲ್ಲಿಯೂ ಕಡತಗಳಿದ್ದವು. ಹತ್ತಿಯ ಬಟ್ಟೆಯ ನೀಳವಾದ ಪಟ್ಟಿಗೆ ಹುಣಿಸೆಬೀಜದ ಅಂಟಿನಲ್ಲಿ ಕಲಸಿದ ಇದ್ದಿಲಪುಡಿಯನ್ನು ಎರಡು ಮಗ್ಗುಲಿಗೂ ಬಳಿದು ಒಣಗಿಸುತ್ತಿದ್ದರು. ಅದನ್ನು ಹಿಂದುಮುಂದಾಗಿ ಮಡಿಸಿ ಪುಸ್ತಕದಂತೆ ಮಾಡಿಕೊಂಡು, ಬಳಪದ ಕಡ್ಡಿಯಿಂದ ಕಪ್ಪಿನ ಮೇಲೆ ಬಿಳಿಯಾಗಿ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು 1810ರಲ್ಲಿ ಪ್ರಕಟವಾದ ತನ್ನ ಚರಿತ್ರೆಯ ಗ್ರಂಥದಲ್ಲಿ ಈ ಬರವಣಿಗೆಯ ಸಾಧನವನ್ನು ಬಣ್ಣಿಸಿದ್ದಾನೆ. ಶೃಂಗೇರಿಯ ಮಠದಲ್ಲಿ ಇಂಥ ಕಡತಗಳು ಉಳಿದುಬಂದು ಇತಿಹಾಸಕಾರರಿಗೆ ಒದಗಿವೆ.

ಈ ಕಡತದ ಒಂದು ಗುಣವನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಅದರ ಮೇಲೆ ಬರೆದುದನ್ನು ಒರಸಬಹುದಾಗಿತ್ತು. ಸಾಲ ತೀರಿದವನ ಲೆಕ್ಕವನ್ನು ಒರಸಿ ಅದೇ ಜಾಗದಲ್ಲಿ ಮತ್ತೊಬ್ಬನದನ್ನು ಬರೆಯಬಹುದು. ಬಟ್ಟೆ ಮಾಸಿದರೆ ಮತ್ತೊಮ್ಮೆ ಕಪ್ಪು ಬಳಿಯಬಹುದು. ಆದರೆ ಒರಸುವವನು ಸಾಲುಸಾಲಾಗಿ ಒರಸಬೇಕು. ಬೆರಳು ಹೋದಲ್ಲಿಗೆ ಕಣ್ಣೂ ಹೋಗುತ್ತಿತ್ತು. ತಾನು ಯಾವುದನ್ನು ಇಲ್ಲವಾಗಿಸುತ್ತಿರುವೆನೆಂಬುದನ್ನು ಕಾಣದೆ ಒಂದಕ್ಷರವನ್ನಾದರೂ ಅಳಿಸುವುದು ಅವನಿಂದಾಗುತ್ತಿರಲಿಲ್ಲ.

ಇಂದು ಗಣಕಯಂತ್ರದೊಳಗಿನ ಬರಹದ ಕಟ್ಟಿಗೂ ನಾವು ಕಡತವೆಂದೇ ಹೆಸರಿಟ್ಟಿದ್ದೇವೆ. ಹೆಸರು ಉಳಿಯಿತು, ಒರಸುವ ಸೌಕರ್ಯವೂ ಉಳಿಯಿತು. ಆದರೆ ಬೆರಳಿನೊಂದಿಗೆ ಕಣ್ಣೂ ಹೋಗಬೇಕೆಂಬ ಕಟ್ಟು ಹೋಯಿತು. ಅದು ಹೋದುದರ ಬೆಲೆಯೆಷ್ಟೆಂಬುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ಕೈಯಾರೆ ಮಾಡಿದ ಒಂದು ಅನರ್ಥದಿಂದ ಕಲಿತೆ.

ನಾನು ರಾಯಚೂರಿನ ಕಾಲೇಜೊಂದರಲ್ಲಿ ಕನ್ನಡ ಕಲಿಸುವವನು. ದೇವದುರ್ಗ, ಮಾನ್ವಿಗಳ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳಿಗೆ ರಜೆಯಲ್ಲಿ ಊರಿನ ಹಾಡುಗಳನ್ನು ಬರೆದುಕೊಂಡು ಬನ್ನಿರೆಂದು ಹೇಳುವುದು ನನ್ನ ಹಳೆಯ ರೂಢಿ. ಮೊಹರಮ್ಮಿನ ಅಲಾಯಿ ಪದಗಳು, ಬೀಸುವ ಪದಗಳು, ಸೋಬಾನೆಗಳು, ತತ್ತ್ವಪದಗಳು ಹೀಗೆ ವರ್ಷವರ್ಷವೂ ಬಂದು ಕೂಡಿದವು. ವಿದ್ಯಾರ್ಥಿಗಳೇ ಅವನ್ನು 'ನುಡಿ' ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ಗಣಕದಲ್ಲಿ ಇಟ್ಟರು. ಆ ಕಾಲದ ಕನ್ನಡ ಅಕ್ಷರಗಳ ಏರ್ಪಾಡು ವಿಚಿತ್ರವಾದುದು. ಯಂತ್ರದ ಒಳಗೆ ಇರುವುದು ರೋಮನ್ ಅಕ್ಷರಗಳ ಸಂಕೇತ. ಮೇಲೆ ಕಾಣುವುದು ಕನ್ನಡದ ರೂಪ. ಆ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ತೆರೆದರೆ ಹಾಡು ಹೋಗಿ ಅರ್ಥವಿಲ್ಲದ ಗುರುತುಗಳ ಸಾಲು ನಿಲ್ಲುತ್ತದೆ. ಜಗತ್ತಿನ ಲಿಪಿಗಳಿಗೆಲ್ಲ ಬೇರೆಬೇರೆ ಸಂಕೇತಗಳನ್ನು ಕೊಟ್ಟ ಯೂನಿಕೋಡಿನಲ್ಲಿ 1991ರಿಂದಲೂ ಕನ್ನಡಕ್ಕೆ ತನ್ನದೇ ಸ್ಥಾನವಿದೆ. ಆದುದರಿಂದ ಹಳೆಯ ಕಡತಗಳನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿ ಇಡಬೇಕೆಂದು ಸಂಕಲ್ಪಿಸಿದೆ.

ಪರಿವರ್ತನೆ ಮುಗಿಯುವುದಕ್ಕೆ ಒಂದು ಬೇಸಗೆ ಹಿಡಿಯಿತು. ಹಳೆಯ ಕಡತಗಳ ಹೆಸರಿನ ಕೊನೆಗೆ ಚುಕ್ಕಿಯಿಟ್ಟು 'ಡಾಕ್' ಎಂಬ ಮೂರಕ್ಷರದ ಬಾಲ; ಹೊಸವುಗಳಿಗೆ 'ಡಾಕ್ಸ್' ಎಂಬ ನಾಲ್ಕಕ್ಷರದ ಬಾಲ. ಎರಡೂ ಒಂದೇ ಫೋಲ್ಡರಿನಲ್ಲಿ ಜೋಡಿಜೋಡಿಯಾಗಿ ಕುಳಿತಿದ್ದವು. ಇನ್ನು ಹಳೆಯವನ್ನು ತೆಗೆದುಹಾಕಬೇಕು. ನೂರಾರು ಕಡತಗಳನ್ನು ಒಂದೊಂದಾಗಿ ಆರಿಸುವ ತಾಳ್ಮೆ ನನಗಿರಲಿಲ್ಲ. ಬ್ಯಾಚ್ ಕಡತವೆಂಬುದನ್ನು ಬರೆಯುವುದನ್ನು ಆಗತಾನೆ ಕಲಿತಿದ್ದೆ. ಕಲಿತ ವಿದ್ಯೆಯನ್ನು ಪ್ರಯೋಗಿಸುವ ಉತ್ಸಾಹವೂ ಇದ್ದಿತು.

ಬ್ಯಾಚ್ ಕಡತವೆಂದರೆ ಮತ್ತೇನೂ ಅಲ್ಲ, ಗಣಕಕ್ಕೆ ಬರೆದುಕೊಡುವ ಆಜ್ಞೆಗಳ ಓಲೆ. ನೋಟ್‌ಪ್ಯಾಡಿನಲ್ಲಿ ಸಾಲಿಗೊಂದರಂತೆ ಆಜ್ಞೆಗಳನ್ನು ಬರೆದು, ಹೆಸರಿನ ಕೊನೆಗೆ 'ಬ್ಯಾಟ್' ಎಂಬ ಬಾಲವನ್ನು ಕೊಟ್ಟರೆ ಆಯಿತು. ಅದನ್ನು ತೆರೆದೊಡನೆ ಕಪ್ಪು ಕಿಟಕಿಯೊಂದು ಮೂಡಿ, ಯಂತ್ರವು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಹೇಳಿದುದನ್ನು ಹೇಳಿದಂತೆ ಮಾಡುತ್ತದೆ. ಅಳಿಸುವ ಆಜ್ಞೆಗೆ 'ಡೆಲ್' ಎಂದು ಹೆಸರು. ಕಡತದ ಹೆಸರಿನ ಸ್ಥಾನದಲ್ಲಿ ನಕ್ಷತ್ರದ ಚಿಹ್ನೆಯನ್ನು ಇಟ್ಟರೆ 'ಯಾವ ಹೆಸರಾದರೂ ಸರಿ' ಎಂದರ್ಥ. ಅದರ ಮುಂದೆ 'ಡಾಕ್' ಬಾಲವನ್ನು ಬರೆದೆ. ಒಳಫೋಲ್ಡರುಗಳಲ್ಲಿರುವುವನ್ನೂ ಸೇರಿಸಿಕೊಳ್ಳಲೆಂದು ಓರೆಗೆರೆ ಎಳೆದು 'ಎಸ್' ಎಂಬ ಗುರುತು ಹಾಕಿದೆ. ಒತ್ತಿದೆ. ಕಪ್ಪು ಕಿಟಕಿ ಮಿಂಚಿ ಮಾಯವಾಯಿತು. ಎಷ್ಟು ಸುಲಭವೆಂದುಕೊಂಡು ಫೋಲ್ಡರನ್ನು ತೆರೆದು ನೋಡಿದರೆ ಹಳೆಯ ಕಡತಗಳು ಇರಲಿಲ್ಲ. ಹೊಸವೂ ಇರಲಿಲ್ಲ.

ಏಕೆ ಹೀಗಾಯಿತು? ತಪ್ಪು ಯಂತ್ರದ್ದಲ್ಲ, ಯಂತ್ರದ ಪೂರ್ವಚರಿತ್ರೆಯನ್ನು ಅರಿಯದೆ ಆಜ್ಞೆ ಕೊಟ್ಟ ನನ್ನದು. 1981ರಲ್ಲಿ ಬಂದ ಡಾಸ್ ವ್ಯವಸ್ಥೆಯಲ್ಲಿ ಕಡತದ ಹೆಸರಿಗೆ ಎಂಟೇ ಅಕ್ಷರ, ಬಾಲಕ್ಕೆ ಮೂರೇ ಅಕ್ಷರ. 1995ರ ವಿಂಡೋಸಿನಲ್ಲಿ ಉದ್ದ ಹೆಸರುಗಳನ್ನು ಇಡಲು ಅವಕಾಶವಾಯಿತಾದರೂ, ಹಳೆಯ ತಂತ್ರಾಂಶಗಳಿಗೆ ತೊಡಕಾಗದಿರಲೆಂದು ಪ್ರತಿಯೊಂದು ಉದ್ದ ಹೆಸರಿಗೂ ಎಂಟು-ಮೂರರ ಗಿಡ್ಡ ಹೆಸರೊಂದನ್ನು ತೆರೆಮರೆಯಲ್ಲಿ ಇಡುವ ಪದ್ಧತಿ ಬಂದಿತು. ಬಾಲದಲ್ಲಿ ನಾಲ್ಕಕ್ಷರವಿದ್ದರೆ ಗಿಡ್ಡ ಹೆಸರಿನಲ್ಲಿ ನಾಲ್ಕನೆಯದು ಬಿದ್ದುಹೋಗುತ್ತದೆ. 'ಡಾಕ್ಸ್' ಎಂಬುದು 'ಡಾಕ್' ಆಗುತ್ತದೆ. ನಕ್ಷತ್ರವಿಟ್ಟು ಹುಡುಕುವಾಗ ಯಂತ್ರವು ಎರಡು ಹೆಸರುಗಳನ್ನೂ ನೋಡುತ್ತದೆ. ಯಾವುದೊಂದು ಹೊಂದಿದರೂ ಅದಕ್ಕೆ ಸಾಕು. ಎಲ್ಲ ಡಿಸ್ಕುಗಳಲ್ಲಿಯೂ ಹೀಗಾಗದು. ಗಿಡ್ಡ ಹೆಸರಿನ ಪದ್ಧತಿ ಜಾರಿಯಲ್ಲಿರುವೆಡೆ ಮಾತ್ರ. ನನ್ನ ಡಿಸ್ಕಿನಲ್ಲಿ ಅದು ಜಾರಿಯಲ್ಲಿತ್ತು. ಹೊಸ ಕಡತಗಳೆಲ್ಲ ತಮ್ಮ ಬಚ್ಚಿಟ್ಟ ಹೆಸರಿನಿಂದ ಸಿಕ್ಕಿಬಿದ್ದವು.

ಯಂತ್ರವು ಒಂದು ಮಾತು ಕೇಳಬಾರದಿತ್ತೆ ಎಂದು ಓದುಗರಿಗೆ ಅನ್ನಿಸೀತು. ಫೋಲ್ಡರಿನಲ್ಲಿರುವುದನ್ನೆಲ್ಲ ಅಳಿಸೆಂದರೆ 'ಖಂಡಿತವೆ?' ಎಂದು ಡೆಲ್ ಒಮ್ಮೆ ಕೇಳುತ್ತದೆ. 'ಕ್ಯೂ' ಎಂಬ ಗುರುತನ್ನಿಟ್ಟರೆ ಆ ಪ್ರಶ್ನೆಯೂ ಇಲ್ಲ. ಇಂಥ ಬಾಲದವನ್ನೆಲ್ಲ ಅಳಿಸೆಂದರೆ ಮಾತ್ರ ಮೊದಲಿನಿಂದಲೂ ಏನನ್ನೂ ಕೇಳದು. ಇಲಿಗುಂಡಿ ಒತ್ತಿ ಅಳಿಸಿದ ಕಡತವು ಕಸದಬುಟ್ಟಿಯಲ್ಲಿ ಬಿದ್ದಿದ್ದು ಹಿಂದಿರುಗಲು ಕಾದಿರುತ್ತದೆ; ಡೆಲ್ ಅಳಿಸಿದುದಕ್ಕೆ ಕಸದಬುಟ್ಟಿಯ ದಾರಿಯೂ ಇಲ್ಲ.

ಹಾಗೆಂದು ಅಳಿಸಿದ ಬರಹ ಆ ಕ್ಷಣವೇ ನಾಶವಾಗುವುದಿಲ್ಲ. ಗ್ರಂಥಾಲಯದ ಸೂಚಿಯಿಂದ ಒಂದು ಚೀಟಿಯನ್ನು ಕಿತ್ತುಹಾಕಿದರೆ ಪುಸ್ತಕವು ಕಪಾಟಿನಲ್ಲಿಯೇ ಇರುತ್ತದಷ್ಟೆ. ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ನಡೆಯುವುದೂ ಇದೇ. ಆ ಸ್ಥಳ ತೆರವಾಗಿದೆಯೆಂದು ಗುರುತಾಗುತ್ತದೆ. ಮತ್ತೊಂದು ಬರಹವು ಅದರ ಮೇಲೆ ಬಂದು ಕೂಡುವವರೆಗೆ ಮೊದಲನೆಯದು ಅಲ್ಲಿಯೇ ಇರುತ್ತದೆ. ಈಚಿನ ಎಸ್‌ಎಸ್‌ಡಿಗಳಲ್ಲಿ ತೆರವಾದ ಸ್ಥಳವನ್ನು ಯಂತ್ರವೇ ಬೇಗನೆ ಗುಡಿಸಿಬಿಡುವುದರಿಂದ ಈ ಆಸೆಯೂ ಕಡಮೆ. ನನ್ನದು ಹಳೆಯ ಡಿಸ್ಕು. ತಕ್ಷಣ ಕೈತೆಗೆದು ಸುಮ್ಮನಿದ್ದಿದ್ದರೆ ಬಹುಪಾಲು ಮರಳುತ್ತಿತ್ತು. ಆದರೆ ಗಾಬರಿಯಲ್ಲಿ ಅದನ್ನಿದನ್ನು ತೆರೆದೆ, ಇಳಿಸಿಕೊಂಡೆ, ಉಳಿಸಿದೆ. ಹಾಡುಗಳಿದ್ದ ಸ್ಥಳದ ಮೇಲೆ ನಾನೇ ಓಡಾಡಿದೆ. ಬಲ್ಲವರೊಬ್ಬರು ಬಂದು ಮರಳಿಸಲು ಕುಳಿತಾಗ ಅರ್ಧದಷ್ಟು ಸಿಕ್ಕಿತು. ಸಿಕ್ಕ ಕೆಲವು ಕಡತಗಳೊಳಗೆ ಹಾಡು ಹರಿದುಹೋಗಿತ್ತು.

ಸಂಗತಿಯನ್ನು ತರಗತಿಯಲ್ಲಿ ಮುಚ್ಚಿಡದೆ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಬಳಿಕ ದೇವದುರ್ಗದ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, "ಸರ, ನಮ್ಮ ಆಯಿ ಹಾಡಿದ್ದನ್ನ ನಾ ಮೊದಲ ನೋಟ್‌ಬುಕ್ಕಿನ್ಯಾಗ ಬರಕೊಂಡಿದ್ದೆರಿ. ಅದು ಮನ್ಯಾಗ ಐತ್ರಿ" ಎಂದಳು. ಮಾರನೆಯ ವಾರ ನೋಟ್‌ಬುಕ್ಕು ಬಂದಿತು. ಪೆನ್ಸಿಲಿನ ಬರಹ, ಅಲ್ಲಲ್ಲಿ ಎಣ್ಣೆಯ ಕಲೆ. ಹಾಡಿದ ಆಯಿ ಹಿಂದಿನ ವರ್ಷವೇ ತೀರಿಕೊಂಡಿದ್ದಳು. ಹೀಗೆ ಇನ್ನೂ ಹಲವರು ತಮ್ಮ ತಮ್ಮ ಪುಸ್ತಕಗಳನ್ನು ತಂದರು. ಪುಸ್ತಕವನ್ನು ರದ್ದಿಗೆ ಹಾಕಿದ್ದವರೂ ಇದ್ದರು. ಅವರು ತಂದಿದ್ದ ಪದಗಳು ಇಂದಿಗೂ ನನ್ನ ಬಳಿ ಇಲ್ಲ.

ಇಂಥ ಕಥೆ ನನ್ನೊಬ್ಬನದೇ ಅಲ್ಲವೆಂಬುದು ಸಮಾಧಾನವಲ್ಲವಾದರೂ ತಿಳಿವಳಿಕೆಯ ಮಾತು. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ 'ಟಾಯ್ ಸ್ಟೋರಿ 2' ಚಿತ್ರ ತಯಾರಾಗುತ್ತಿದ್ದಾಗ, ಯಾರೋ ಕೊಟ್ಟ ಒಂದು ಅಳಿಸುವ ಆಜ್ಞೆಯಿಂದ ಚಿತ್ರದ ಪಾತ್ರಗಳೂ ದೃಶ್ಯಗಳೂ ಕಣ್ಣೆದುರಿನಲ್ಲಿಯೇ ಮಾಯವಾಗತೊಡಗಿದವು. ಕಾಪಿಟ್ಟಿದ್ದ ಪ್ರತಿಗಳನ್ನು ನೋಡಿದರೆ ಅವೂ ಸರಿಯಿರಲಿಲ್ಲ. ಕೊನೆಗೆ ಕೈಹಿಡಿದುದು ಗ್ಯಾಲಿನ್ ಸಸ್‌ಮನ್ ಎಂಬಾಕೆಯ ಮನೆಯ ಗಣಕ. ಬಾಣಂತಿಯಾಗಿದ್ದ ಆಕೆ ಮನೆಯಿಂದಲೇ ಕೆಲಸ ಮಾಡುವ ಸಲುವಾಗಿ ಒಂದು ಪ್ರತಿಯನ್ನು ಅದರಲ್ಲಿ ಇಟ್ಟುಕೊಂಡಿದ್ದಳು. ಆ ಗಣಕವನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿಟ್ಟು ಕೂಸಿನಂತೆ ತಂದರಂತೆ. ಆಕೆಯ ಗಣಕಕ್ಕೂ ನಮ್ಮ ಹುಡುಗಿಯ ನೋಟ್‌ಬುಕ್ಕಿಗೂ ನನಗೆ ಭೇದ ಕಾಣುವುದಿಲ್ಲ.

ಇಷ್ಟರಿಂದ ಬ್ಯಾಚ್ ಕಡತವೆಂಬುದೇ ಕೆಟ್ಟದೆಂದು ಯಾರೂ ತಿಳಿಯಬಾರದು. ಗಣಕವು ತನ್ನ ಪಾಡಿಗೆ ತಾನು ರಾಶಿ ಹಾಕುವ ತಾತ್ಕಾಲಿಕ ಕಡತಗಳನ್ನು ಗುಡಿಸಲು, ಮೂವತ್ತು ದಿನಗಳಿಗಿಂತ ಹಳೆಯದಾದ ಬೇಡದ ಪ್ರತಿಗಳನ್ನು ಆರಿಸಿ ತೆಗೆಯಲು ಅದಕ್ಕಿಂತ ನಂಬಿಕೆಯ ಆಳು ಇಲ್ಲ. ಆದರೆ ಅದು ಮಾತಿನ ಅರ್ಥವನ್ನು ಊಹಿಸುವ ಆಳಲ್ಲ. ಒಂದು ಉದಾಹರಣೆ ಹೇಳುತ್ತೇನೆ. ಒಂದು ಫೋಲ್ಡರಿಗೆ ಹೋಗೆಂದು ಹೇಳುವ ಆಜ್ಞೆ 'ಸಿಡಿ'. ನೀವು ಸಿ ಎಂಬ ಡ್ರೈವಿನಲ್ಲಿ ನಿಂತು, ಡಿ ಎಂಬ ಡ್ರೈವಿನ ಫೋಲ್ಡರಿಗೆ ಹೋಗೆಂದು ಬರೆದು, 'ಓರೆಗೆರೆ ಡಿ' ಎಂಬ ಗುರುತನ್ನು ಮರೆತರೆ ಅದು ಸಿ ಬಿಟ್ಟು ಕದಲುವುದಿಲ್ಲ. ಹೋಗಬೇಕಾದ ಫೋಲ್ಡರು ಇಲ್ಲದಿದ್ದರೂ ಅಷ್ಟೆ. ಇಲ್ಲವೆಂದು ಒಂದು ಸಾಲು ಗೊಣಗಿ ಮುಂದಿನ ಆಜ್ಞೆಗೆ ತೊಡಗುತ್ತದೆ. ಮುಂದಿನ ಆಜ್ಞೆ ಅಳಿಸೆಂಬುದಾಗಿದ್ದರೆ, ನಿಂತ ಜಾಗದಲ್ಲಿಯೇ ಅಳಿಸುತ್ತದೆ. ಪಕ್ಕದೂರಿನ ಹೊಲದ ಕಳೆ ಕೀಳೆಂದು ಕಳುಹಿಸಿದ ಆಳು ದಾರಿ ತಿಳಿಯದೆ ನಮ್ಮ ಹೊಲದ ಪೈರನ್ನು ಕಿತ್ತಂತೆ.

ಆದುದರಿಂದ ಈಗ ನಾನು ಅನುಸರಿಸುವ ಕ್ರಮವನ್ನು ವಿದ್ಯಾರ್ಥಿಗಳಿಗೂ ಹೇಳುತ್ತಿದ್ದೇನೆ. ಡೆಲ್ ಎಂದು ಬರೆಯುವ ಸ್ಥಳದಲ್ಲಿ ಮೊದಲು 'ಡಿರ್' ಎಂದು ಬರೆಯಬೇಕು. ಅದು ಅಳಿಸುವುದಿಲ್ಲ, ಪಟ್ಟಿ ಕೊಡುತ್ತದೆ. ಆ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ಅಂದು ಹೀಗೆ ಮಾಡಿದ್ದರೆ ಹೊಸ ಕಡತಗಳ ಹೆಸರುಗಳೂ ಪಟ್ಟಿಯಲ್ಲಿ ಕಾಣುತ್ತಿದ್ದವು. ಎರಡನೆಯದಾಗಿ, ಫೋಲ್ಡರಿನ ಪೂರ್ಣ ವಿಳಾಸವನ್ನು ಉದ್ಧರಣ ಚಿಹ್ನೆಗಳೊಳಗೆ ಬರೆದು, ಅಲ್ಲಿಗೆ ಹೋಗಲಾಗದಿದ್ದರೆ ಕೆಲಸ ನಿಲ್ಲಿಸೆಂದು ಆಜ್ಞೆಯಲ್ಲಿಯೇ ತಿಳಿಸಬೇಕು. ಮೂರನೆಯದಾಗಿ, ಕಡತಗಳು ಕೆಲವೇ ಇದ್ದರೆ 'ಪಿ' ಎಂಬ ಗುರುತಿಟ್ಟು ಪ್ರತಿಯೊಂದನ್ನೂ ಕೇಳಿ ಅಳಿಸುವಂತೆ ಮಾಡಬೇಕು. ಬಹಳ ಇದ್ದರೆ ಅಳಿಸುವುದಕ್ಕೆ ಬದಲು ಬೇರೊಂದು ಫೋಲ್ಡರಿಗೆ ಸಾಗಿಸಿ ಒಂದೆರಡು ವಾರ ಕಾಯಬೇಕು. ಇವೆಲ್ಲಕ್ಕೂ ಮೊದಲು ಇನ್ನೊಂದು ಪ್ರತಿ ಇನ್ನೊಂದು ಮನೆಯಲ್ಲಿರಬೇಕು. ಎಲ್ಲದರ ತಿರುಳೂ ಒಂದೇ: ಬೆರಳು ಹೋಗುವುದಕ್ಕೆ ಮುನ್ನ ಕಣ್ಣು ಹೋಗಬೇಕು.

ಇದು ನಮ್ಮವರಿಗೆ ತಿಳಿಯದ ವಿವೇಕವಲ್ಲ. ಕೃಷ್ಣೆ ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡು ದಾಸರ ನಾಡು. ಚೀಕಲಪರವಿಯ ವಿಜಯದಾಸರು, ಮೊಸರುಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಹಾಡಿದುದು ಉಳಿದುಬಂದುದು ಯಾವುದೋ ಒಂದು ಓಲೆಯನ್ನು ನಂಬಿ ಅಲ್ಲ. ಹಲವು ಮನೆಗಳ ಹಲವು ಪ್ರತಿಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಹಲವು ಕೊರಳುಗಳಲ್ಲಿ. ಓಲೆ ಜೀರ್ಣವಾದರೆ ಹಿರಿಯರು ಮೊದಲು ಹೊಸ ಓಲೆಯಲ್ಲಿ ಪ್ರತಿ ಮಾಡುತ್ತಿದ್ದರು. ಒಬ್ಬನು ಹಳೆಯದನ್ನು ಓದುತ್ತಿರಲು ಇನ್ನೊಬ್ಬನು ಹೊಸದನ್ನು ನೋಡುತ್ತ ತಪ್ಪು ತಿದ್ದುತ್ತಿದ್ದನು. ಎರಡೂ ಒಂದೇ ಎಂದು ಮನಸ್ಸಿಗೆ ಒಪ್ಪಿದ ಮೇಲೆಯೇ ಹಳೆಯ ಓಲೆಯನ್ನು ಕೈಮುಗಿದು ಹೊಳೆಗೆ ಬಿಡುವುದು. ಪ್ರತಿ ಮೊದಲು, ಒಪ್ಪಿಟ್ಟು ನೋಡುವುದು ಅನಂತರ, ಹೊಳೆ ಕೊನೆಗೆ.

ನಾನು ಪ್ರತಿ ಮಾಡಿದೆ. ಒಪ್ಪಿಟ್ಟು ನೋಡುವ ಮುನ್ನವೇ ಹೊಳೆಗೆ ಬಿಟ್ಟೆ. ಆ ಹುಡುಗಿಯ ನೋಟ್‌ಬುಕ್ಕನ್ನು ಅವಳಿಗೆ ಮರಳಿಸುವಾಗ, ಬೆರಳಚ್ಚಾದ ಪ್ರತಿಯನ್ನು ಅವಳೆದುರಿನಲ್ಲಿಯೇ ಸಾಲುಸಾಲಾಗಿ ಓದಿಸಿ ನೋಡಿದೆ. ಆಯಿಯ ಹಾಡಿನಲ್ಲಿ ನಾವು ತಪ್ಪಾಗಿ ಅಚ್ಚು ಮಾಡಿದ್ದ ಎರಡು ಮಾತುಗಳು ಆಗ ಸಿಕ್ಕವು. "ಇದನ್ನ ಮನ್ಯಾಗ ಇಟ್ಟಿರತೀನ್ರಿ ಸರ" ಎಂದು ಅವಳು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು. ಹಾಗೆಯೇ ಇಡಮ್ಮ, ಎಂದೆ.