ಕೊಡಗಿನಿಂದ ಬೆಂಗಳೂರಿನ ಆಸ್ಪತ್ರೆಗೆ: ಬಸ್ಸು, ರೈಲು, ಮೆಟ್ರೋ ಬಳಸುವ ಬಗೆ

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯ ಧರ್ಮಕೇಂದ್ರಗಳಿಂದ ಚಿಕಿತ್ಸೆಗಾಗಿ ಬೆಂಗಳೂರಿಗೆ ಹೋಗುವ ಕುಟುಂಬಗಳು ಹಲವು. ತೋಟದ ಕೂಲಿಯನ್ನೇ ನಂಬಿದವರಿಗೆ ಔಷಧಿಯ ಖರ್ಚಿನಷ್ಟೇ ದಾರಿಯ ಖರ್ಚೂ ಭಾರ. ಹೊತ್ತಿಗೆ ಸರಿಯಾಗಿ ಹೊರರೋಗಿ ವಿಭಾಗ ತಲುಪದಿದ್ದರೆ ಒಂದು ದಿನದ ಕೂಲಿಯೂ ಹೋಯಿತು, ವೈದ್ಯರ ಭೇಟಿಯೂ ತಪ್ಪಿತು. ಆದ್ದರಿಂದ ಸಾರ್ವಜನಿಕ ಸಾರಿಗೆಯಲ್ಲಿ ಬೆಂಗಳೂರು ತಲುಪುವ ಮತ್ತು ಅಲ್ಲಿ ಓಡಾಡುವ ಬಗ್ಗೆ ಕೆಲವು ಮಾಹಿತಿಗಳನ್ನು ಇಲ್ಲಿ ನೀಡುತ್ತಿದ್ದೇವೆ.

ಬೆಂಗಳೂರು ತಲುಪುವುದು

ಕೊಡಗಿಗೆ ರೈಲು ಇಲ್ಲ. ಕೆ.ಎಸ್.ಆರ್.ಟಿ.ಸಿ. ಬಸ್ಸುಗಳೇ ಮುಖ್ಯ ಆಧಾರ. ಮಡಿಕೇರಿಯಿಂದ ಕುಶಾಲನಗರ, ಹುಣಸೂರು, ಮೈಸೂರು ಮಾರ್ಗವಾಗಿಯೂ, ವಿರಾಜಪೇಟೆಯಿಂದ ಗೋಣಿಕೊಪ್ಪ ಮಾರ್ಗವಾಗಿಯೂ ಬಸ್ಸುಗಳಿವೆ. ಬಸ್ಸಿನಲ್ಲಿ ಬಹಳ ಹೊತ್ತು ಕೂರಲಾಗದ ರೋಗಿಗಳು ಮೈಸೂರಿನಲ್ಲಿ ಇಳಿದು ಅಲ್ಲಿಂದ ರೈಲು ಹಿಡಿಯಬಹುದು. ಸಾಮಾನ್ಯ ದರ್ಜೆಯ ರೈಲು ಟಿಕೆಟ್ ಅಗ್ಗ, ಶೌಚಾಲಯದ ಅನುಕೂಲವೂ ಇದೆ.

ಕರಾವಳಿಯಿಂದ ಸುಳ್ಯ, ಸಂಪಾಜೆ ಮೂಲಕ ಮಡಿಕೇರಿಗೆ ಬಂದು ಮುಂದುವರಿಯುವವರು ಮಳೆಗಾಲದಲ್ಲಿ ಎಚ್ಚರ ವಹಿಸಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಈ ರಸ್ತೆಯೇ ಮುಚ್ಚಿಹೋಗಿತ್ತು. ಹೊರಡುವ ಮುನ್ನ ಬಸ್ ನಿಲ್ದಾಣದಲ್ಲಿ ವಿಚಾರಿಸುವುದು ಒಳ್ಳೆಯದು.

ಎಲ್ಲಿ ಇಳಿಯಬೇಕು?

ಮೈಸೂರು ಕಡೆಯ ಬಹುತೇಕ ಬಸ್ಸುಗಳು ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ನಿಲ್ಲುತ್ತವೆ. ಅದಕ್ಕೆ ಹತ್ತಿರದ ಮೆಟ್ರೋ ನಿಲ್ದಾಣ ದೀಪಾಂಜಲಿ ನಗರ. 'ಮೈಸೂರು ರಸ್ತೆ' ಎಂಬ ಹೆಸರಿನ ಮೆಟ್ರೋ ನಿಲ್ದಾಣ ಬೇರೆಯೇ ಇದೆ. ಹೆಸರು ನೋಡಿ ಗೊಂದಲಕ್ಕೆ ಒಳಗಾಗಬಾರದು. ರೈಲಿನಲ್ಲಿ ಬಂದವರಿಗೆ ಬೆಂಗಳೂರಿನ ಮುಖ್ಯ ರೈಲು ನಿಲ್ದಾಣದ ಪಕ್ಕದಲ್ಲೇ ಮೆಟ್ರೋ ಸಿಗುತ್ತದೆ.

ರಾತ್ರಿ ಬಸ್ಸು ನಸುಕಿನ ನಾಲ್ಕು ಗಂಟೆಗೇ ತಲುಪಿದರೆ ಅವಸರದಿಂದ ಆಟೋ ಹತ್ತಬೇಡಿ. ಅಪರಿಚಿತರಿಂದ ಹೆಚ್ಚು ಹಣ ಕೀಳುವುದು ಆ ಹೊತ್ತಿನಲ್ಲೇ. ನಿಲ್ದಾಣದೊಳಗೆ ಕುಳಿತು ಕಾಯಿರಿ. ವಾರದ ದಿನಗಳಲ್ಲಿ ನೇರಳೆ ಮತ್ತು ಹಸಿರು ಮಾರ್ಗದ ಮೆಟ್ರೋ ಬೆಳಿಗ್ಗೆ ಸುಮಾರು 5 ಗಂಟೆಗೆ ಆರಂಭವಾಗುತ್ತದೆ, ಭಾನುವಾರ ತಡ.

ಮೂರು ಬಣ್ಣದ ಮೆಟ್ರೋ

ನಮ್ಮ ಮೆಟ್ರೋ 2011ರಲ್ಲಿ ಆರಂಭವಾಯಿತು. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ಪೂರ್ಣಗೊಂಡಿತು. ದೀಪಾಂಜಲಿ ನಗರ ಈ ಮಾರ್ಗದಲ್ಲೇ ಇದೆ. ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಮಾರ್ಗಕ್ಕೆ, ಮುಂದೆ ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಬಹುದು. ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಗೊಂಡಿತು. ಮಾರ್ಗ ಬದಲಿಸುವಾಗ ಹೊರಗೆ ಬರಬೇಕಾಗಿಲ್ಲ, ಒಂದೇ ಟಿಕೆಟ್ ಸಾಕು.

ಆಸ್ಪತ್ರೆಗಳಿಗೆ ದಾರಿ

ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 1963ರಲ್ಲಿ ಆರಂಭಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಕೋರಮಂಗಲದಲ್ಲಿದೆ. ಹಳದಿ ಮಾರ್ಗದ ಸೆಂಟ್ರಲ್ ಸಿಲ್ಕ್ ಬೋರ್ಡ್ ನಿಲ್ದಾಣದಲ್ಲಿ ಇಳಿದು ಮುಂದಕ್ಕೆ ಬಸ್ಸು ಅಥವಾ ಆಟೋ ಹಿಡಿಯಬೇಕು. ಹೃದ್ರೋಗಿಗಳಿಗೆ ಅದೇ ಮಾರ್ಗದಲ್ಲಿ ಜಯದೇವ ಆಸ್ಪತ್ರೆ ಎಂಬ ನಿಲ್ದಾಣವೇ ಇದೆ. ವೈಟ್‌ಫೀಲ್ಡ್‌ನ ಶ್ರೀ ಸತ್ಯಸಾಯಿ ಆಸ್ಪತ್ರೆಗೆ ನೇರಳೆ ಮಾರ್ಗದಲ್ಲಿ ನೇರವಾಗಿ ಹೋಗಬಹುದು. ಸೇಂಟ್ ಮಾರ್ಥಾಸ್ ಆಸ್ಪತ್ರೆಗೆ ಹೋಗುವವರು ಇದೇ ಮಾರ್ಗದ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣದಲ್ಲಿ ಇಳಿಯಲಿ. ನಿಮ್ಹಾನ್ಸ್ ಮತ್ತು ಕಿದ್ವಾಯಿ ಸಂಸ್ಥೆಗಳಿಗೆ ಬಿ.ಎಂ.ಟಿ.ಸಿ. ಬಸ್ಸೇ ಅನುಕೂಲ.

ಖರ್ಚು ಉಳಿಸಲು

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ಕರ್ನಾಟಕದ ಮಹಿಳೆಯರಿಗೆ ಸಾಮಾನ್ಯ ಹಾಗೂ ವೇಗದೂತ ಸರಕಾರಿ ಬಸ್ಸುಗಳಲ್ಲಿ ಟಿಕೆಟ್ ಉಚಿತ. ಬಿ.ಎಂ.ಟಿ.ಸಿ.ಯ ಸಾಮಾನ್ಯ ಬಸ್ಸುಗಳಿಗೂ ಇದು ಅನ್ವಯ. ರಾಜಹಂಸ, ಸ್ಲೀಪರ್, ಹವಾನಿಯಂತ್ರಿತ ಬಸ್ಸುಗಳಿಗೆ ಮತ್ತು ಖಾಸಗಿ ಬಸ್ಸುಗಳಿಗೆ ಅನ್ವಯವಿಲ್ಲ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಲಿ. 60 ವರ್ಷ ದಾಟಿದ ಪುರುಷರೂ ಕೆ.ಎಸ್.ಆರ್.ಟಿ.ಸಿ. ಬಸ್ಸುಗಳಲ್ಲಿ ಹಿರಿಯ ನಾಗರಿಕರ ರಿಯಾಯಿತಿ ಕೇಳಬೇಕು. ಕೇಳದಿದ್ದರೆ ಪೂರ್ಣ ದರ ತೆರಬೇಕಾದೀತು. ಮೆಟ್ರೋ ದರ 2025ರ ಫೆಬ್ರವರಿಯಲ್ಲಿ ಏರಿದೆ, ಆದರೂ ಆಟೋಗಿಂತ ಎಷ್ಟೋ ಕಡಿಮೆ.

ಧರ್ಮಕೇಂದ್ರಗಳು ಮಾಡಬಹುದಾದದ್ದು

ಓದು ಬಾರದವರಿಗೆ, ವೃದ್ಧರಿಗೆ ಈ ಮಾಹಿತಿ ಕಾಗದದ ಮೇಲಿದ್ದರೆ ಸಾಲದು. ವಾಳೆಯ ಗುರಿಕಾರರು ಮತ್ತು ಸಂತ ವಿನ್ಸೆಂಟ್ ದಿ ಪೌಲ್ ಸಭೆಯ ಸದಸ್ಯರು ಇಳಿಯಬೇಕಾದ ನಿಲ್ದಾಣಗಳ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆದುಕೊಡಲಿ. ಬೆಂಗಳೂರಿನಲ್ಲಿ ಓದುವ, ದುಡಿಯುವ ನಮ್ಮ ಯುವಜನರು ಕಡಿಮೆಯೇನಿಲ್ಲ. ಅವರಲ್ಲಿ ಒಬ್ಬರು ದೀಪಾಂಜಲಿ ನಗರದವರೆಗೆ ಬಂದು ರೋಗಿಯನ್ನು ಕರೆದೊಯ್ದರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ. ಒಳ್ಳೆಯ ಸಮಾರಿಯದವನು ಗಾಯಕ್ಕೆ ಎಣ್ಣೆ ಹಚ್ಚಿ ಅಷ್ಟಕ್ಕೇ ಬಿಡಲಿಲ್ಲ, ಗಾಯಾಳುವನ್ನು ತನ್ನ ವಾಹನದ ಮೇಲೆ ಕೂರಿಸಿ ಛತ್ರದವರೆಗೂ ಕರೆದೊಯ್ದ. ನಮ್ಮ ಸೇವೆಯೂ ಅಲ್ಲಿಯವರೆಗೆ ಹೋಗಲಿ.